ಗಿಲಿಯ ದನಿ

ಇಂಚರಾ “ನದಿ” ಎಂದದ್ದೇ ತಡ, ಮೇಜಿನ ಮೇಲೆ ನದಿ ಹರಿಯತೊಡಗಿತು. “ಆಳವಾದ ನದಿ” ಎಂದಳು. ನೀರು ಕಪ್ಪಾಯಿತು, ಸದ್ದು ದಪ್ಪವಾಯಿತು. “ಆಚೆ ದಡದಲ್ಲಿ ಹಳೆಯ ಕೋಟೆ, ಅದರ ಬಾಗಿಲು ತುಕ್ಕು ಹಿಡಿದಿದೆ” ಎಂಬ ಮಾತು ಮುಗಿಯುವುದರೊಳಗೆ ಗೇಣುದ್ದದ ಕೋಟೆಯೊಂದು ಎದ್ದು ನಿಂತಿತು. ಅದರ ಬಾಗಿಲು ಕಿರ್ರೆಂದಿತು. ಧನುಷ್ ಕೈಯಲ್ಲಿದ್ದ ಬನ್ನನ್ನು ಬಾಯಿಗಿಡುವುದನ್ನೇ ಮರೆತು ಕುಳಿತ.

ಒಂಟಿಕೊಪ್ಪಲಿನ ಬೇಕರಿಯೊಂದರ ಮಹಡಿಯ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಈ ಕಥೆಯಾಟ ನಡೆಯುತ್ತಿತ್ತು. ಆ ಹೊತ್ತಿಗೆ ಮೈಸೂರಿಗೆ ಗಾಳಿಯಲ್ಲಿ ಹಾರುವ ಆಟೋಗಳು ಬಂದಿದ್ದವು. ಕರೆದ ಕಡೆಗೆ ಬರುವುದಿಲ್ಲ ಎನ್ನುವ ಪದ್ಧತಿ ಮಾತ್ರ ನೆಲದ ಕಾಲದ್ದೇ ಉಳಿದಿತ್ತು. ಆಟವೂ ಹಳೆಯದೇ. ಒಬ್ಬರು ಕಥೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಿ ಮುಂದೇನು ಮಾಡುತ್ತೇವೆಂದು ಹೇಳಬೇಕು, ಗೆಲುವು ಸೋಲನ್ನು ದಾಳ ತೀರ್ಮಾನಿಸುತ್ತದೆ. ಬೇಕರಿಯ ಮಾಲೀಕ ಧನುಷ್ ಇಲ್ಲಿ ಕತ್ತಿ ಹಿಡಿದ ಮಹಾವೀರ. ಹಿಟ್ಟಿನ ಮೂಟೆಯ ಹಿಂದೆ ಜಿರಲೆ ಕಂಡರೆ ಇದೇ ಮಹಾವೀರ ಸ್ಟೂಲು ಹತ್ತುತ್ತಾನೆ ಎನ್ನುವುದು ಬೇರೆ ಮಾತು. ಪಶುವೈದ್ಯೆ ಜುಬೇದಾ ಬೀಗ ಮುರಿಯುವ ಕಳ್ಳಿ. ವಕೀಲ ತೇಜಸ್ ಮಂತ್ರವಾದಿ. ಅವನ ಮಂತ್ರಗಳೆಲ್ಲ ಅವನ ವಾದಗಳಷ್ಟೇ ಉದ್ದ. ಕಥೆ ಹೇಳುವವಳು ಐವತ್ತು ದಾಟಿದ ಇಂಚರಾ.

ಮೊದಲೆಲ್ಲ ಭೂಪಟವೆಂದರೆ ಹಳೆಯ ಬೆಡ್‌ಶೀಟಿನ ಮೇಲೆ ಅವಳು ಸೀಮೆಸುಣ್ಣದಲ್ಲಿ ಎಳೆದ ಗೆರೆಗಳು. ಕುದುರೆ ಓಡಿದರೆ ಎರಡು ತೆಂಗಿನ ಚಿಪ್ಪು, ಗುಡುಗಿದರೆ ಧನುಷನ ಅಂಗಡಿಯ ತಗಡಿನ ಟ್ರೇ. ಉಳಿದ ಸದ್ದುಗಳೆಲ್ಲ ಅವಳ ಗಂಟಲಿನಿಂದಲೇ ಬರಬೇಕಿತ್ತು. ಅಪ್ಪ ಅಮ್ಮ ಹುಡುಕಿ ಇಟ್ಟ ಹೆಸರಿಗೆ ಅವಳೆಂದೂ ಮೋಸ ಮಾಡಿರಲಿಲ್ಲ. ಹೋದ ವರ್ಷ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಇಂಚರ ಹೋಯಿತು. ಈಗ ಅವಳು ಮಾತನಾಡಿದರೆ ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂತೆ ಕೇಳುತ್ತಿತ್ತು. ತರಕಾರಿಯವಳ ಹತ್ತಿರವೂ ಕೈಸನ್ನೆಯಲ್ಲೇ ಮುಗಿಸಿಬಿಡುತ್ತಿದ್ದಳು.

ಈ ಮೇಜು ಬಂದದ್ದು ಆಗಲೇ. ತಂದವನು ಡಾಕ್ಟರ್ ಸೃಜನ್. ಕಾಲೇಜಿನ ದಿನಗಳಲ್ಲಿ ಇದೇ ಬೆಡ್‌ಶೀಟಿನ ಸುತ್ತ ಕುಳಿತು ಆಡಿದವನು, ಈಗ ಭಾಷಾಯಂತ್ರಗಳ ಪ್ರಯೋಗಾಲಯದಲ್ಲಿ ವಿಜ್ಞಾನಿ. ಇಂಚರಾಳನ್ನು ಆಗಿನಿಂದಲೂ ಅವನು ಅಕ್ಕ ಎಂದೇ ಕರೆಯುತ್ತಿದ್ದ. ತಾನು ಕಟ್ಟಿದ ಯಂತ್ರಕ್ಕೆ ಅವನು ನುಡಿಪಟವೆಂದು ಹೆಸರಿಟ್ಟಿದ್ದ. ಗಾಜಿನ ಹಾಸಿನ ಕೆಳಗೆ ಸಾಸಿವೆಗಿಂತ ಸಣ್ಣ ಬೆಳಕಿನ ಹರಳುಗಳು. ಅವು ಸೇರಿ ಬೆಟ್ಟ, ಊರು, ಪ್ರಾಣಿಗಳನ್ನು ಗಾಳಿಯಲ್ಲಿ ಮೂಡಿಸುತ್ತಿದ್ದವು. ಪಕ್ಕದಲ್ಲಿ ಲೋಕದ ಸದ್ದುಗಳನ್ನೆಲ್ಲ ಕೂಡಿಟ್ಟ ದನಿಗೂಡು. ಯಂತ್ರ ನಡೆಯುತ್ತಿದ್ದುದು ಒಂದೇ ನಿಯಮದ ಮೇಲೆ: ಹೆಸರಿದ್ದರೆ ರೂಪ ಇರಲೇಬೇಕು, ರೂಪವಿದ್ದರೆ ದನಿ ಇರಲೇಬೇಕು, ದನಿ ಕೇಳಿದರೆ ಅದರ ರೂಪ ಕಾಣಲೇಬೇಕು.

ಇಂಚರಾಳಿಗೆಂದೇ ಅವನು ಇನ್ನೊಂದು ಉಪಕಾರವನ್ನೂ ಮಾಡಿದ್ದ. ಅವಳು ಕೊರಳಪಟ್ಟಿಯೊಂದನ್ನು ಕಟ್ಟಿಕೊಂಡು ಪಿಸುಗುಟ್ಟಿದರೆ ಸಾಕು, ಮೇಜು ಅದೇ ಮಾತನ್ನು ಅವಳ ಹಳೆಯ ಇಂಪಾದ ದನಿಯಲ್ಲಿ ಆಡುತ್ತಿತ್ತು.

ಎಲ್ಲರಿಗೂ ಸಂತೋಷವಾಯಿತು, ಅವಳೊಬ್ಬಳನ್ನು ಬಿಟ್ಟು. ಆಟಗಾರರ ಕಣ್ಣು ಮೇಜಿನ ಮೇಲೆ, ಕಿವಿಯೂ ಮೇಜಿನ ಮೇಲೆ. ಮೊದಲು ಅವಳ ಹುಬ್ಬು ಕುಣಿದರೆ ಬಾಣ ಬಂತೇನೋ ಎಂದು ಬೆಚ್ಚುತ್ತಿದ್ದವರು ಈಗ ಅವಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತನ್ನದೇ ಹಳೆಯ ದನಿ ತನ್ನನ್ನು ಮೂಲೆಗೆ ತಳ್ಳಿ ಮೆರೆಯುತ್ತಿದೆ ಎನಿಸಿ ಅವಳಿಗೆ ಹೊಟ್ಟೆಕಿಚ್ಚಾಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು. ಕೋಟೆಯ ಕಥೆ ಮುಗಿದ ಮೇಲೆ ಆಟವನ್ನೇ ಬಿಟ್ಟುಬಿಡುವುದೆಂದು ಗಟ್ಟಿ ಮಾಡಿಕೊಂಡಳು. ಫೋನಿನಲ್ಲಿ ಸೃಜನನಿಗೆ ಮಾತ್ರ ಹೇಳಿದಳು. ಅವನು ಎಷ್ಟು ಬೇಡಿಕೊಂಡರೂ ಜಗ್ಗಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಗುಹೆ ಬಂತು. ಇಷ್ಟು ದಿನ ಯಂತ್ರಕ್ಕೆ ಹೆದರಿ ಅವಳು ವಾರ್ತೆ ಓದುವವರ ಹಾಗೆ ಅಳೆದು ತೂಗಿ ಮಾತನಾಡುತ್ತಿದ್ದಳು. ಅವತ್ತು ಧನುಷ್ ಒಳಗೇನಿದೆ, ಒಳಗೇನಿದೆ ಎಂದು ಒಂದೇ ಸಮನೆ ತಲೆ ತಿಂದ.

“ಹುಲಿ ಗಿಲಿ ಇದ್ರೂ ಇರಬಹುದು, ನೋಡ್ಕೊಂಡು ಹೋಗಪ್ಪ” ಎಂದುಬಿಟ್ಟಳು.

ಗುಹೆಯ ಬಾಯಲ್ಲಿ ಹುಲಿ ಬಂದು ಗರ್ಜಿಸಿತು. ಅದರ ಪಕ್ಕದಲ್ಲಿ ಇನ್ನೊಂದು ಬಂದು ನಿಂತಿತು.

ಆ ಪುಟ್ಟ ಲೋಕದ ಅಳತೆಯಲ್ಲಿ ಅದು ಕರುವಿಗಿಂತ ಚಿಕ್ಕದು, ಬೆಕ್ಕಿಗಿಂತ ದೊಡ್ಡದು. ಹುಲಿಯ ಪಟ್ಟೆಗಳೇ, ಆದರೆ ತಲೆಯಿಂದ ಬಾಲದವರೆಗೆ ಉದ್ದುದ್ದ. ಕಿವಿಗಳು ಮೊಲದ್ದಕ್ಕೂ ದೊಡ್ಡವು. ಮುಖದಲ್ಲಿ, ಕರೆಯದೆ ಮದುವೆಗೆ ಬಂದವರ ಮುಜುಗರ. ಅದು ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಗಾಜಿನ ಅಂಚಿನಲ್ಲಿ ಹಸಿರು ಅಕ್ಷರಗಳು ಮಿನುಗಿದವು: ಗಿಲಿಯ ದನಿ ಗೂಡಿನಲ್ಲಿಲ್ಲ, ದಯವಿಟ್ಟು ಕೊಡಿ.

ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನುಡಿಪಟ ಕನ್ನಡ ಕಲಿತದ್ದು ಪುಸ್ತಕಗಳಿಂದ, ಭಾಷಣಗಳಿಂದ. ಅಲ್ಲಿ ಯಾರೂ ಹುಲಿ ಗಿಲಿ ಎನ್ನುವುದಿಲ್ಲ. ಗೊತ್ತಿಲ್ಲದ ಹೆಸರು ಹುಲಿಯ ಪಕ್ಕದಲ್ಲಿ ಬಂದದ್ದರಿಂದ, ಇದು ಹುಲಿಯ ನೆಂಟನೇ ಇರಬೇಕೆಂದು ಯಂತ್ರ ತನಗೆ ತೋಚಿದ ಹಾಗೆ ರೂಪ ಕೊಟ್ಟಿತ್ತು. ನಗು ನಿಂತ ಮೇಲೆ ಜುಬೇದಾ ಬಗ್ಗಿ ನೋಡಿ, ಪಾಪ, ಇದಕ್ಕೆ ಹಸಿವಾಗಿದೆ ಎಂದಳು. ಎಷ್ಟೋ ವಾರಗಳ ನಂತರ ಮೂವರೂ ಇಂಚರಾಳ ಕಡೆ ತಿರುಗಿದರು. ಗಿಲಿ ಹೇಗೆ ಕೂಗುತ್ತದೆ ಎನ್ನುವುದನ್ನು ಬೇರೆ ಯಾರು ಹೇಳಬೇಕು?

ಇಂಚರಾ ಕೊರಳಿಗೆ ಕೈ ಹಾಕಿದಳು. ಕೊರಳಪಟ್ಟಿ ಕಟ್ಟಿಕೊಂಡಿದ್ದರೆ ಮೇಜು ಅದನ್ನೂ ಇಂಪು ಮಾಡಿಬಿಡುತ್ತಿತ್ತು. ಬಿಚ್ಚಿಟ್ಟಳು. ಒಡೆದ ಗಂಟಲಿನಿಂದ ಗರಗರನೆ ಏನೋ ಹೊರಟಿತು, ಅರ್ಧ ಗುರುಗುಟ್ಟುವಿಕೆ, ಅರ್ಧ ಬಿಕ್ಕಳಿಕೆ. ಆ ಪ್ರಾಣಿಗೆ ಅದು ಅಳತೆ ತೆಗೆದು ಹೊಲಿಸಿದ ಹಾಗೆ ಒಪ್ಪಿತು. ಗಿಲಿ ಕಿವಿ ನಿಮಿರಿಸಿ ಅದೇ ದನಿಯಲ್ಲಿ ಕೂಗಿತು. ಮಹಾವೀರ ಧನುಷ್ ಕತ್ತಿಯನ್ನು ಒರೆಗೆ ಸೇರಿಸಿ, ತನ್ನ ಪಾಲಿನ ರೊಟ್ಟಿಯನ್ನು ಅದರ ಮುಂದಿಟ್ಟೆನೆಂದು ಸಾರಿದ.

ಇಂಚರಾ ಕೊರಳಪಟ್ಟಿಯನ್ನು ಮತ್ತೆ ಕಟ್ಟಿಕೊಂಡಳು. ಅಲ್ಲಿಂದ ಮುಂದೆ ಹೇಳುವುದೇ ಬೇಡ. ಮೂವರೂ ಬೇಕೆಂದೇ ಅಂಥ ಮಾತುಗಳನ್ನು ಅವಳ ಬಾಯಿಂದ ಹೊರಡಿಸತೊಡಗಿದರು. ಸೇತುವೆ ಗೀತುವೆ ಎಂದರೆ ಸೇತುವೆಯ ಪಕ್ಕದಲ್ಲಿ ಎರಡೂ ದಡ ಮುಟ್ಟದ ಗೀತುವೆ. ದೆವ್ವ ಗಿವ್ವ ಎಂದರೆ ದೆವ್ವವನ್ನು ಕಂಡು ಹೆದರುವ ಗಿವ್ವ. ಪೆಟ್ಟಿಗೆಯಲ್ಲಿ ಮಣಿ ಗಿಣಿ ಇರಬಹುದು ಎಂದಾಗ ನಿಧಿಯ ಪೆಟ್ಟಿಗೆಯಿಂದ ಗಿಣಿಗಳ ಹಿಂಡೇ ಹಾರಿಹೋಯಿತು. ಕೋಟೆಯ ಕಥೆ ಅಲ್ಲೇ ನಿಂತಿತು. ಎಲ್ಲರಿಗೂ ಮೆಚ್ಚಿನದು ಮಾತ್ರ ಗಿಲಿಯೇ. ಗಿಲಿ ಎಂದು ಕರೆದರೆ ಸಾಕು, ಎಲ್ಲಿದ್ದರೂ ಬಂದು ಗರಗರ ಎನ್ನುತ್ತಿತ್ತು.

ಯಂತ್ರ ತನ್ನ ಗೊಂದಲಗಳನ್ನು ಪ್ರಯೋಗಾಲಯಕ್ಕೆ ತಾನೇ ವರದಿ ಮಾಡುತ್ತಿತ್ತು. ಮುಂದಿನ ಭಾನುವಾರ ಸೃಜನ್ ಚೀಲ ನೇತುಹಾಕಿಕೊಂಡು ಬಂದ. ಅವನ ಮುಖದಲ್ಲಿ, ಮಗನ ಮೇಲೆ ಶಾಲೆಯಿಂದ ದೂರು ಬಂದ ತಂದೆಯ ಕಳೆ.

“ಅಕ್ಕ, ಗಿಲಿ ಅಂದ್ರೆ ಏನೂ ಅಲ್ಲ” ಎಂದ. “ಹುಲಿ ಅಂದ್ಮೇಲೆ ನಾಲಗೆ ಸುಮ್ನೆ ಎಳೆಯೋ ಬಾಲ ಅದು. ಅರ್ಥವೇ ಇಲ್ಲದ ಪದಕ್ಕೆ ರೂಪ ಕೊಡೋ ಯಂತ್ರನ ನಾನು ಹೇಗೆ ಹೊರಗೆ ಬಿಡ್ಲಿ?”

“ಅರ್ಥ ಇಲ್ದೆ ಯಾಕೋ ಅಂತೀವಿ?” ಮೇಜಿನಿಂದ ಅವಳ ಹಳೆಯ ದನಿ ಕೇಳಿತು. “ಹುಲಿ ಇರಬಹುದು, ಇಲ್ದಿದ್ರೆ ಇನ್ನೇನೋ ಇರಬಹುದು, ಅದೇನು ಅಂತ ನಂಗೂ ಗೊತ್ತಿಲ್ಲ ಅಂತ. ಆ ಗೊತ್ತಿಲ್ದೇ ಇರೋದೇ ಗಿಲಿ ಕಣೋ.”

“ಗೊತ್ತಿಲ್ದೇ ಇರೋದಕ್ಕೆ ಬಾಲ ಇರಲ್ಲ ಅಕ್ಕ.”

ತೇಜಸ್ ಗಿಲಿಯ ಪರವಾಗಿ ಕರುಣೆ ಉಕ್ಕುವಂತೆ ವಾದಿಸಿದ. ಜುಬೇದಾ ಪ್ರಾಣಿಹಿಂಸೆಯ ಮಾತೆತ್ತಿದಳು. ಆದರೆ ಇಂಚರಾಳೇ ತಡೆದಳು. ಹುಡುಗ ವರ್ಷಗಟ್ಟಲೆ ದುಡಿದು ಕಟ್ಟಿದ ಯಂತ್ರ, ತನ್ನ ಬಾಯಿತಪ್ಪಿನಿಂದ ಕೆಟ್ಟ ಹೆಸರು ಹೊರುವುದು ಬೇಡ. ಹೇಗಿದ್ದರೂ ತಾನು ಹೊರಟವಳು. ಅಳಿಸಿಬಿಡು ಎಂದಳು. ಸೃಜನ್ ಗಿ ಸೇರಿಸಿ ಆಡುವ ಜೋಡಿಮಾತುಗಳನ್ನೆಲ್ಲ ಯಂತ್ರದ ಪದಕೋಶದಿಂದ ಕಿತ್ತುಹಾಕಿದ. ಪರೀಕ್ಷೆಗೆಂದು ಅವಳು ಹುಲಿ ಗಿಲಿ ಎಂದಳು. ಹುಲಿಯೊಂದೇ ಬಂತು. ಪಕ್ಕದ ಜಾಗ ಖಾಲಿಯಾಗಿತ್ತು.

ಆಟ ಮುಂದುವರಿಯಿತು, ಮದುವೆ ಮುಗಿದ ಮಾರನೆಯ ದಿನದ ಛತ್ರದ ಹಾಗೆ. ಧನುಷ್ ಸುಮ್ಮನೆ ದಾಳ ಉರುಳಿಸಿದ, ಎಷ್ಟು ಬಿತ್ತೆಂದು ಯಾರೂ ನೋಡಲಿಲ್ಲ. ಹೇಳುವುದಿದ್ದರೆ ಇದೇ ಸಮಯ ಎಂದು ಇಂಚರಾಳಿಗೆ ಅನಿಸಿತು. ಇಷ್ಟು ವರ್ಷ ಜೊತೆಗಿದ್ದವರಿಗೆ ವಿದಾಯದ ಮಾತನ್ನು ಯಂತ್ರದ ಬಾಯಿಂದ ಆಡಿಸಲು ಮನಸ್ಸಾಗಲಿಲ್ಲ. ಕೊರಳಪಟ್ಟಿ ಬಿಚ್ಚಿ ಡಬ್ಬಿಯಲ್ಲಿಟ್ಟಳು. ಗಂಟಲು ಸರಿಮಾಡಿಕೊಂಡಳು.

“ನಿಮ್ಗೆಲ್ಲ ಒಂದು ಮಾತು ಹೇಳ್ಬೇಕು.”

ಹುಲಿಯ ಪಕ್ಕದಲ್ಲಿ ಎರಡು ಉದ್ದ ಕಿವಿಗಳು ಎದ್ದವು. ಅವುಗಳ ಹಿಂದೆಯೇ ಉದ್ದುದ್ದ ಪಟ್ಟೆಗಳು, ಬಾಲ. ಗಿಲಿ ಬಂದು ಕುಳಿತು ಅವಳತ್ತ ನೋಡಿತು. ಅವಳು ಬೆರಗಾಗಿ ಸುಮ್ಮನಾದಳು. ಅದು ಮಾಯವಾಯಿತು.

“ಇದೇನೋ ಸೃಜನ್?” ಎಂದಳು. ಗಿಲಿ ಮತ್ತೆ ಬಂತು.

ಸೃಜನ್ ತಲೆ ಕೆರೆದುಕೊಂಡ. ಚೀಲದಿಂದ ಉಪಕರಣ ತೆಗೆದು ಯಂತ್ರದ ಹೊಟ್ಟೆಯನ್ನೆಲ್ಲ ಶೋಧಿಸಿದ. ಕೊನೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತೇ ವಿಷಯ ತಿಳಿಸಿದ. ಪದಕೋಶದಿಂದ ಗಿಲಿ ಹೋಗಿತ್ತು. ದನಿಗೂಡಿನಿಂದ ಹೋಗಿರಲಿಲ್ಲ. ದನಿ ಕೇಳಿದರೆ ಅದರ ರೂಪ ಕಾಣಲೇಬೇಕೆಂದು ನಿಯಮ ಬರೆದವನು ಅವನೇ. ಇಂಚರಾಳ ಈಗಿನ ದನಿ ಆ ಮೇಜಿಗೆ ಗೊತ್ತಿದ್ದುದು ಒಂದೇ ಹೆಸರಿನಿಂದ. ಅವಳು ಬಾಯಿ ತೆರೆದರೆ ಅದರ ಲೆಕ್ಕದಲ್ಲಿ ಗಿಲಿ ಕೂಗಿತೆಂದೇ ಅರ್ಥ.

“ಇದನ್ನೂ ತೆಗೀಬಹುದು” ಎಂದ. “ಆದ್ರೆ ಆಮೇಲೆ ನಿಮ್ಮ ದನಿನೇ ಇದಕ್ಕೆ ಕೇಳಿಸಲ್ಲ ಅಕ್ಕ.”

ಸೃಜನ್ ಮೂವರ ಮುಖಗಳನ್ನೂ ನೋಡಿ, ಉಪಕರಣವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ.

ಧನುಷ್ ಕೈಯಲ್ಲಿದ್ದ ಬನ್ನಿನ ಒಂದು ಚೂರನ್ನು, ನಿಜವಾದ ಬನ್ನಿನ ಚೂರನ್ನು, ಗಾಜಿನ ಮೇಲೆ ಆ ಖಾಲಿ ಜಾಗದ ಮುಂದಿಟ್ಟು, ಏನೋ ಹೇಳಬೇಕು ಅಂದ್ರಲ್ಲ ಅಕ್ಕ, ಹೇಳಿ ಎಂದ. ಮೂರು ಜೋಡಿ ಕಣ್ಣುಗಳು ಅವಳ ತುಟಿಗಳ ಮೇಲಿದ್ದವು. ಹಳೆಯ ಬೆಡ್‌ಶೀಟಿನ ಕಾಲದಲ್ಲಿ ಹೀಗೇ ನೋಡುತ್ತಿದ್ದರು. ಇಂಚರಾಳ ಕಣ್ಣು ತುಂಬಿ ಬಂತು. ಹೇಳಲೆಂದು ವಾರಗಟ್ಟಲೆ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

“ಗುಹೆ ಒಳಗೆ ಇನ್ನೂ ಕತ್ತಲೆ ಇದೆ” ಎಂದಳು, ಗರಗರನೆ. “ನಿಧಾನಕ್ಕೆ ಬನ್ನಿ, ನನ್ನ ಹಿಂದೆ.”

ಗಿಲಿ ಎದ್ದು ಮುಂದೆ ನಡೆಯಿತು. ಮೂವರೂ ದಾಳಗಳಿಗೆ ಕೈ ಹಾಕಿದರು. ಸೃಜನ್ ಸದ್ದಿಲ್ಲದೆ ಮೆಟ್ಟಿಲ ಕಡೆ ಹೊರಟದ್ದು ಅವಳಿಗೆ ಕಾಣಿಸಿತು.

“ಎಲ್ಲಿಗೆ ಹೊರಟ್ಯೋ? ಕೂತ್ಕೊ, ಕಾಫಿ ಗೀಫಿ ಕುಡ್ಕೊಂಡು ಹೋಗು.”

ತಿದ್ದಿದ ಯಂತ್ರ ಗುಹೆಯ ನಡುವೆ ಒಂದೇ ಒಂದು ಲೋಟ ಕಾಫಿಯನ್ನು ಮೂಡಿಸಿತು. ಗಿಲಿ ಹಿಂದಿರುಗಿ ಬಂದು ಅದನ್ನು ಮೂಸಿ ನೋಡಿತು.