ನಾಲ್ಕನೆಯ ಗಂಟು

“ಎಂಟನೇ ಕ್ಲಾಸಿನ ಹೊಸ್ತಿಲು ದಾಟದ ಮುಂಡೇದು, ಕಬ್ಬಿಣಕ್ಕೆ ಪಾಠ ಹೇಳೋಕೆ ಬಂದಿದೆ ನೋಡ್ರಪ್ಪ!”

ಮಾವ ಹೇಳಿದ್ದು ಗಲ್ಲಾದ ಮುಂದೆ ನಿಂತಿದ್ದ ಮೂವರು ಗಿರಾಕಿಗಳಿಗೆ. ಬಡಿದದ್ದು ಹಿಂದಿನ ಮೇಜಿಗೆ ಬಗ್ಗಿದ್ದ ಸೋದರಳಿಯನ ಮುಖಕ್ಕೆ. ಮೂವರೂ ನಕ್ಕರು. ಒಬ್ಬನಂತೂ ನಕ್ಕ ರಭಸಕ್ಕೆ ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡ. ಹುಡುಗನ ಕಿವಿ ಕಾದ ಹೆಂಚಾಯಿತು. ಆ ಬೀದಿಯವರು ಅವನನ್ನು ಕಿಡಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಸಿಟ್ಟು ಅವನ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ತಾಯಿ ಸತ್ತ ಮೇಲೆ ಸಾಕಿದವನು ಇದೇ ಮಾವ. ಮೂರು ತಿಂಗಳ ಹಿಂದೆ ತನ್ನ ಬಂದೂಕು ರಿಪೇರಿ ಅಂಗಡಿಗೂ ತಂದು ಹಾಕಿಕೊಂಡಿದ್ದ. ಅಷ್ಟರಲ್ಲೇ ಕೈ ಕುದುರಿತ್ತು. ನಾಲಿಗೆ ಮಾತ್ರ ಪಳಗಿರಲಿಲ್ಲ.

ಜಗಳದ ಮೂಲ ಮೇಜಿನ ಮೇಲಿತ್ತು. ಹೊಚ್ಚ ಹೊಸ ಪಿಸ್ತೂಲು. ಕೊಂಡು ತಿಂಗಳಾಗಿಲ್ಲ, ಕಪ್ಪು ಮೈಯಲ್ಲಿ ಒಂದು ಗೀರಿಲ್ಲ. ಆದರೆ ಇಲ್ಲಿಯವರೆಗೆ ಒಂದು ಗುಂಡೂ ಸಿಡಿದಿರಲಿಲ್ಲ. ಟ್ರಿಗರ್ ಎಳೆದರೆ ಟಕ್ ಅನ್ನುತ್ತದೆ, ಅಷ್ಟೆ. ಬೆಳಿಗ್ಗೆ ತಂದುಕೊಟ್ಟವನು ಸಂಜೆಯೊಳಗೆ ಸಿಡಿಯಬೇಕು ಎಂದು ಹೇಳಿಹೋಗಿದ್ದ. ಅರ್ಧ ಗಂಟೆ ಬಿಟ್ಟು ಅವನ ಅಕ್ಕ ಬಂದಿದ್ದಳು. ಈಗಲೂ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದಳು.

“ರಿಪೇರಿ ಆಗಲ್ಲ ಅಂತ ಒಂದು ಚೀಟಿ ಬರ್ಕೊಡಿ ಅಣ್ಣಾ, ಸಾಕು,” ಎಂದು ಮಾವನನ್ನು ಬೇಡಿದ್ದಳು. “ಅದನ್ನ ತಂದ ದಿನವೇ ಮಂತ್ರ ಹಾಕಿಸಿ ಕಟ್ಟಿಸಿದ್ದು ನಾನು. ನನ್ನ ತಮ್ಮನ ಸಿಟ್ಟು ನಿಮಗೆ ಗೊತ್ತಿಲ್ಲ. ಮೊದಲು ಕನ್ನಡಿಗೆ ಗುರಿ ಇಟ್ಟು ಎಳೆದ. ಆಮೇಲೆ ನಾಯಿಗೆ. ಮೂರನೇದು ಹೆಂಡ್ತಿಗೆ. ಮೂರೂ ಸಲ ಕಟ್ಟು ಹಿಡ್ಕೊಂಡಿತು. ಹಿಡ್ಕೊಂಡಿದೆ ಅಷ್ಟೇ, ಏಟು ಸತ್ತಿಲ್ಲ ಅಂದಿದ್ದಾರೆ ಕಟ್ಟಿದವರು. ಬಿಚ್ಚಿದರೆ ಎಳೆದಿದ್ದೆಲ್ಲಾ ಸಾಲಾಗಿ ಹೊರಡುತ್ತಂತೆ, ಯಾರ ಕಡೆ ಎಳೆದಿದ್ರೋ ಅವರನ್ನೇ ಹುಡುಕ್ಕೊಂಡು.”

ಮಾವ ಬಣ್ಣ ಹಚ್ಚಿದ ಕೆಂಪು ಮೀಸೆಯನ್ನು ಒಮ್ಮೆ ನೀವಿಕೊಂಡು, ಪೆನ್ನು ಹುಡುಕಿದ್ದ. ನಲವತ್ತು ವರ್ಷ ಕಬ್ಬಿಣದ ಜತೆ ಬಾಳಿದವನಿಗೆ ಕೆಲವನ್ನು ಕೆಣಕಬಾರದು ಎನ್ನುವುದು ಗೊತ್ತಿತ್ತು. ಆಗಲೇ ಕಿಡಿ ಬಾಯಿ ಹಾಕಿದ್ದು. “ಕಟ್ಟೂ ಇಲ್ಲ, ಗಿಟ್ಟೂ ಇಲ್ಲ. ಫ್ಯಾಕ್ಟರಿ ಗ್ರೀಸು. ಪಿನ್ನು ಅಂಟ್ಕೊಂಡಿದೆ. ಅಷ್ಟೂ ಗೊತ್ತಾಗಲ್ವಾ ಮಾವ?” ಅದಕ್ಕೆ ಸಿಕ್ಕ ಉತ್ತರವೇ ಆ ಬೈಗುಳ.

ಮಾವ ಬೆನ್ನು ತಿರುಗಿಸಿ ಚೀಟಿ ಬರೆಯತೊಡಗಿದ. ಗಿರಾಕಿಗಳ ನಗು ಇನ್ನೂ ನಿಂತಿರಲಿಲ್ಲ. ಕಿಡಿ ಪಿಸ್ತೂಲು ಎತ್ತಿಕೊಂಡ. ಖಾಲಿ; ಎರಡು ಸಲ ನೋಡಿದ್ದ. ಮಾವನ ಎರಡು ಭುಜಗಳ ನಡುವೆ ಗುರಿ ಇಟ್ಟ.

“ನೋಡಮ್ಮಾ ನಿನ್ನ ಮಾಟಾನ.”

ಟಕ್.

ಹೆಂಗಸು ದಡಕ್ಕನೆ ಎದ್ದಳು. “ಅಯ್ಯೋ ಪಾಪಿ, ನಾಲ್ಕಾಯ್ತಲ್ಲೋ! ಇನ್ನು ಅದನ್ನ ಬಿಚ್ಚಬೇಡಪ್ಪ. ನಿನ್ನ ಮಾವನ ಜೀವಾನೂ ಅದರೊಳಗೆ ಹೋಯ್ತು.”

ಮಾವ ತಿರುಗುವಷ್ಟರಲ್ಲಿ ಪಿಸ್ತೂಲು ಮೇಜಿಗೆ ಮರಳಿತ್ತು. ಅದನ್ನು ಲೈಸೆನ್ಸ್ ಇದ್ದವನ ಕೈಗೇ ಕೊಡಬೇಕು. ಹಾಗಾಗಿ ಹೆಂಗಸು ಅಂಗಡಿಯ ಫೋನ್ ನಂಬರ್ ಇದ್ದ ಚೀಟಿಯನ್ನಷ್ಟೇ ಹಿಡಿದು, ತಿರುತಿರುಗಿ ನೋಡುತ್ತ ಹೊರಟುಹೋದಳು.

ಮಾವ ಗಿರಾಕಿಗಳೊಡನೆ ಹರಟೆಗೆ ಬಿದ್ದದ್ದೇ ತಡ, ಕಿಡಿ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನೆಲಮಾಳಿಗೆಗೆ ಇಳಿದ. ರಿಪೇರಿಯಾದದ್ದನ್ನು ಸಿಡಿಸಿ ನೋಡುವ ಜಾಗ ಅದು. ಹೊರಗೆ ಸುಡು ಮಧ್ಯಾಹ್ನ, ಒಳಗೆ ಬಾವಿಯ ಕತ್ತಲು. ಸುಟ್ಟ ಮದ್ದಿನ, ತೇವದ ಮರಳಿನ, ಹಳಸಿದ ಎಣ್ಣೆಯ ವಾಸನೆ. ಮೂಲೆಯಲ್ಲಿ ಮರಳು ತುಂಬಿದ ಡ್ರಮ್ಮು. ನೊಣ ಕೂತು ಕೂತು ಹಳದಿಯಾದ ಒಂದೇ ಬಲ್ಬು.

ಮೇಲಿನ ಸ್ಲೈಡನ್ನು ಕಳಚಿದ. ಗುಂಡಿನ ಬೆನ್ನಿಗೆ ಬಡಿಯುವ ಪಿನ್ನಿನ ಸುತ್ತ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. “ನಾನು ಹೇಳಲಿಲ್ವಾ!” ಎಂದ ಗೋಡೆಗೆ. ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದ. ಥಳಥಳ ಹೊಳೆಯಿತು. ಪಿನ್ನನ್ನು ಅದರ ತೂತಿಗೆ ಇಳಿಸಿ ಬೆರಳಿನಿಂದ ಒತ್ತಿದ. ಅರ್ಧ ಹೋಯಿತು. ನಿಂತಿತು. ಇನ್ನಷ್ಟು ಒತ್ತಿದ. ಆ ಕಡೆಯಿಂದ ಯಾರೋ ಬೆರಳಿಟ್ಟು ವಾಪಸ್ ಒತ್ತಿದರು.

ಕಿಡಿ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ತನಗೆ ತಾನೇ ಒಂದು ಬೈಗುಳ ಬೈದುಕೊಂಡು, ಪಿನ್ನು ತೆಗೆದು, ಚಿಮಟವನ್ನು ತೂತಿನೊಳಗೆ ಬಿಟ್ಟ.

ಕೂದಲು ಬಂತು. ಎಳೆದಷ್ಟೂ ಬಂತು. ಅಷ್ಟು ಸಣ್ಣ ತೂತಿನಲ್ಲಿ ಅಷ್ಟುದ್ದದ ಎಳೆ ಹೇಗಿತ್ತೋ. ನಡುನಡುವೆ ಗಂಟುಗಳು. ಒಂದು, ಎರಡು, ಮೂರು, ಒಣಗಿ ಕರಕಲಾದವು. ನಾಲ್ಕನೆಯದು ಒದ್ದೆಯಾಗಿತ್ತು, ಬೆಚ್ಚಗಿತ್ತು. ಅದಕ್ಕೆ ಬಿಗಿದಿದ್ದದ್ದು ಬೇರೆಯದೇ ಕೂದಲು, ಗಿಡ್ಡ, ಒರಟು. ಬಲ್ಬಿನ ಕೆಳಗೆ ಹಿಡಿದ.

ಕೆಂಪು. ಮಾವನ ಮೀಸೆಯ ಕೆಂಪು.

ಆ ಟಕ್ ಆದ ಮೇಲೆ ಪಿಸ್ತೂಲನ್ನು ಯಾರೂ ಬಿಚ್ಚಿರಲಿಲ್ಲ. ಕೂದಲನ್ನು ಇದ್ದಂತೆಯೇ ಒಳಗೆ ತುರುಕಿ ಮೇಲೆ ಹೋಗಿಬಿಡಬಹುದಿತ್ತು. ಚಿಮಟ ತೂತಿನವರೆಗೂ ಹೋಗಿತ್ತು. ಅಷ್ಟರಲ್ಲಿ ಮೇಲಿನಿಂದ ಮಾವನ ದನಿ ಕೇಳಿಸಿತು. “ಎಂಟನೇ ಕ್ಲಾಸೂ ಪಾಸಾಗಿಲ್ಲ ಕಣ್ರೀ...” ಮತ್ತೆ ನಗು.

ಕಿಡಿ ಬ್ಲೇಡು ಎಳೆದ.

ಕೂದಲು ತುಂಡಾದಾಗ ಮೈಸುಟ್ಟ ವಾಸನೆ ಬಂತು. ಪಿನ್ನು ಸಲೀಸಾಗಿ ಜಾರಿತು. ಜೋಡಿಸಿದ. ಒಂದೇ ಗುಂಡು ಹಾಕಿ ನಳಿಗೆಯನ್ನು ಮರಳಿಗಿಟ್ಟು ಎಳೆದ. ಢಂ! ಗೋಡೆ ನಡುಗಿತು. “ಸಿಡೀತು! ಸಿಡೀತು ನೋಡು ಮಾವಾ!” ಗೆದ್ದ ಖುಷಿಗೆ ಕಣ್ಣು ತುಂಬಿತು. ಖಾಲಿಯಾದ ಪಿಸ್ತೂಲು, ಸ್ಲೈಡು ಹಿಂದಕ್ಕೆ ಸರಿದು, ಬಾಯಿ ತೆರೆದುಕೊಂಡು ನಿಂತಿತ್ತು. ಅದನ್ನು ಹಲಗೆಯ ಮೇಲಿಟ್ಟ.

ಅದರ ಬಾಯಿ ತಾನಾಗಿ ಮುಚ್ಚಿಕೊಂಡಿತು. ಟ್ರಿಗರ್ ಮೆಲ್ಲಗೆ, ಯಾರದೋ ಬೆರಳು ಎಳೆದಂತೆ, ಹಿಂದಕ್ಕೆ ಸರಿಯಿತು.

ಟಕ್.

ಅವನ ಜೇಬಿನಲ್ಲಿದ್ದ ಅಂಗಡಿಯ ಫೋನು ಬಡಿದುಕೊಂಡಿತು. ಅದೇ ಹೆಂಗಸು. “ಕನ್ನಡಿ ಪುಡಿಪುಡಿಯಾಯ್ತು! ಏನು ಮಾಡಿದ್ಯೋ? ಬಿಚ್ಚಿದ್ಯಾ?”

ಅವನು ಪಿಸ್ತೂಲನ್ನು ಬಟ್ಟೆಯಲ್ಲಿ ಬಿಗಿದ. ಟ್ರಿಗರಿನ ಹಿಂದೆ ಹೆಬ್ಬೆರಳು ತುರುಕಿ ತಡೆದ. ಅದು ಬೆರಳನ್ನು ಜಜ್ಜಿಕೊಂಡೇ ಹಿಂದಕ್ಕೆ ಬಂತು. ಟಕ್. ಫೋನಿನಲ್ಲಿ ನಾಯಿಯೊಂದು ಕುಂಯ್ ಎಂದಿತು. ಅರ್ಧಕ್ಕೇ ನಿಂತಿತು.

ಮೊದಲ ದಿನವೇ ಮಾವ ಹೇಳಿಕೊಟ್ಟಿದ್ದ: ಗುಂಡು ಸಿಡಿಯದಿದ್ದರೆ ಸತ್ತಿದೆ ಅನ್ಕೋಬೇಡ, ತಡವಾಗಿ ಹೊತ್ತಿಕೊಳ್ಳುತ್ತೆ, ಮೂವತ್ತು ಎಣಿಸು. ಒಂದು ಟಕ್ಕಿಗೂ ಇನ್ನೊಂದಕ್ಕೂ ನಡುವೆ ಸರಿಯಾಗಿ ಮೂವತ್ತು.

“ಅಮ್ಮಾ, ಮೂರನೇದು ಬರ್ತಿದೆ. ನಿಮ್ಮ ತಮ್ಮನ ಹೆಂಡ್ತೀನ ಕರ್ಕೊಂಡು ಓಡಿ!”

“ಎಲ್ಲಿಗೆ ಓಡೋದು?” ಅವಳ ದನಿ ಇದ್ದಕ್ಕಿದ್ದಂತೆ ಶಾಂತವಾಗಿತ್ತು. “ಅವಳನ್ನ ಗೋಡೆಗೆ ಒರಗಿಸಿ ಮುಂದೆ ನಾನು ನಿಂತಿದೀನಿ. ನನ್ನ ದಾಟಿ ಹೋಗ್ಲಿ, ನೋಡೇಬಿಡ್ತೀನಿ.”

ಟಕ್.

ಏನೋ ಭಾರವಾದದ್ದು ಬಿದ್ದ ಸದ್ದು. ಆಮೇಲೆ ಬೇರೊಬ್ಬಳ, ಎಳೆಯ ದನಿ. “ಅತ್ತಿಗೆ? ಅತ್ತಿಗೇ!”

ಕಿಡಿ ಓಡಿದ. ಒಂದು, ಎರಡು, ಮೂರು. ಬಲ್ಬು ಆರಿತು. ಮೆಟ್ಟಿಲು ಕಾಣಲಿಲ್ಲ. ಎಡವಿದ. ಮೊಣಕಾಲು ಒಡೆಯಿತು. ಹನ್ನೊಂದು, ಹನ್ನೆರಡು. ಎದ್ದ. ಕತ್ತಲು ಕಾಲು ಹಿಡಿದೆಳೆಯಿತು. ಒದ್ದ. ಹತ್ತೊಂಬತ್ತು. ಬಾಗಿಲು. ತಳ್ಳಿದ. ಜಗ್ಗಲಿಲ್ಲ. ಭುಜ ಕೊಟ್ಟ. ಇಪ್ಪತ್ತೈದು. ಬೆಳಕು. ಗಲ್ಲಾ. ಗಿರಾಕಿಗಳ ಕಡೆ ಮುಖ ಮಾಡಿ ನಿಂತ ಮಾವ. ಆ ಅಗಲ ಬೆನ್ನು. ಇಪ್ಪತ್ತೆಂಟು. ಹಾರಿದ. ಇಡೀ ಬೆನ್ನನ್ನು ತನ್ನ ಮೈಯಿಂದ ಮುಚ್ಚಿ ತಬ್ಬಿದ.

ಕೆಳಗೆಲ್ಲೋ, ಟಕ್.

ಕಾದ ಸಲಾಕೆಯಂಥದ್ದು ಅವನ ಭುಜಗಳ ನಡುವೆ ಹೊಕ್ಕಿತು. ಮೇಲಕ್ಕೇರಿ ಗಂಟಲಲ್ಲಿ ನಿಂತಿತು. ಇಬ್ಬರೂ ಗಲ್ಲಾ ಸಮೇತ ಉರುಳಿದರು. ಚಹಾದ ಗ್ಲಾಸು ಒಡೆಯಿತು.

ಮಾವ ಎದ್ದ. ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಕೆಂಪು ಮೀಸೆ ಸಿಟ್ಟಿಗೆ ಅದುರುತ್ತಿತ್ತು. “ಹಿಂದಿನಿಂದ ಬಂದು ಕೆಡವ್ತೀಯಾ? ಅನ್ನ ಹಾಕಿದ ಕೈಯನ್ನೇ? ಹೇಳೋ! ಬಾಯಿ ಬಿಡೋ!”

ಕಿಡಿ ಬಾಯಿ ಬಿಟ್ಟ. ದನಿ ಬರಲಿಲ್ಲ. ಮತ್ತೆ ಬಿಟ್ಟ. ಮದ್ದಿನ ವಾಸನೆಯ ಒಂದೆಳೆ ಹೊಗೆ ಬಂತು. ಅವನ ಹೊರತು ಯಾರಿಗೂ ಅದು ಕಾಣಲಿಲ್ಲ. ನಾಲಿಗೆಯ ಬುಡಕ್ಕೆ ಒದ್ದೆ ಕೂದಲಿನ ಗಂಟೊಂದು ತಾಕಿತು.

“ಆಡೋ ಮಾತೆಲ್ಲಾ ಮುಗೀತಾ ಸಾಹೇಬರದ್ದು?” ಎಂದ ಚಹಾ ಚೆಲ್ಲಿಕೊಂಡಿದ್ದ ಗಿರಾಕಿ.

“ತಾಯಿಯನ್ನ ತಿಂದ, ಈಗ ನನ್ನ ತಿನ್ನೋಕೆ ಬಂದಿದಾನೆ,” ಎಂದ ಮಾವ. “ತೊಲಗು! ಈ ಬಾಗಿಲಿಗೆ ಮತ್ತೆ ಬಂದರೆ ಕಾಲು ಮುರೀತೀನಿ!”

ಫೋನಿನಲ್ಲಿ ಆ ಎಳೆಯ ದನಿ ಇನ್ನೂ ಅಳುತ್ತಿತ್ತು. ಕಿಡಿ ಅದನ್ನು ಮಾವನ ಮುಂದೆ ನೆಲದ ಮೇಲಿಟ್ಟ. ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗಿಳಿದ. ಬೈಗುಳ ಬೀದಿಯ ತಿರುವಿನವರೆಗೂ ಹಿಂಬಾಲಿಸಿ ಬಂತು. ದಪ್ಪ ದನಿಯ, ತುಂಬಿದ ಉಸಿರಿನ, ಬದುಕಿರುವವನ ಬೈಗುಳ. ಅವನು ತಿರುಗಿ ನೋಡದೆ ನಡೆದ.