ನಾಲ್ಕು ಬೆರಳು ಗಿಡ್ಡವಾದ ಪ್ರೊಪೆಲರ್

ಡಾಕ್ಟರ್ ಗುರುಪ್ರಸನ್ನ ಮೇಜಿನ ಮೇಲಿದ್ದ ಹೊಚ್ಚ ಹೊಸ ಪ್ರೊಪೆಲರಿನ ಅಂಚಿಗೆ ಅರ ಹಿಡಿದು ಕರಕರನೆ ಉಜ್ಜಿದರು. ಅಕ್ಕಿಕಾಳು ಕೂರುವಷ್ಟು ಗಾಯವಾಯಿತು. ವಿಮಾನಕ್ಕೆ ಪ್ರೊಪೆಲರ್ ಕೊಳ್ಳಲು ಬಂದು ಎದುರಿಗೆ ಕುಳಿತಿದ್ದ ಚಿಕ್ಕತಾಯಮ್ಮನಿಗೆ ತನ್ನದೇ ಮೊಣಕೈ ತರಚಿದಂತಾಯಿತು.

"ಅಯ್ಯೋ, ಯಾಕ್ ಸಾ ಹಿಂಗ್ ಮಾಡ್ತೀರಿ?"

"ಕಾಫಿ ಆರಿಹೋಗುತ್ತೆ, ಕುಡೀರಿ," ಎಂದರು ಡಾಕ್ಟರು.

ಅವಳು ಕುಡಿದಳು. ಅಷ್ಟರಲ್ಲಿ ಗಾಯದೊಳಗಿನಿಂದ ಜೇನಿನಂಥ ಅಂಟು ಜಿನುಗಿತು. ಅದು ಹೆಪ್ಪುಗಟ್ಟಿ, ನಿಧಾನವಾಗಿ ಮರದ ಬಣ್ಣಕ್ಕೇ ತಿರುಗಿತು. ಲೋಟ ಕೆಳಗಿಟ್ಟು ಬೆರಳಾಡಿಸಿ ನೋಡಿದರೆ ಗಾಯ ಎಲ್ಲಿತ್ತೆಂಬುದೇ ಸಿಗಲಿಲ್ಲ. ಮಕ್ಕಳ ಮಂಡಿಯೂ ಹೀಗೆ ಮಾಯುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು.

ಇದು ಜೀವಮರ. ಆ ಕಾಲಕ್ಕೆ ಎರಡು ಸೀಟಿನ ಪುಟ್ಟ ವಿಮಾನಗಳು ಆಟೋಗಳಷ್ಟೇ ಸಾಮಾನ್ಯವಾಗಿದ್ದವು. ಅವಕ್ಕೆ ಮರದ ಪ್ರೊಪೆಲರೇ ಒಳ್ಳೆಯದು. ಹಗುರವಾಗಿರುತ್ತದೆ, ಎಂಜಿನ್ನಿನ ನಡುಕವನ್ನು ತಾನೇ ನುಂಗಿಕೊಳ್ಳುತ್ತದೆ. ಆದರೆ ಮರಕ್ಕೆ ಕಲ್ಲು ಆಗದು, ಮಳೆ ಆಗದು, ಎದುರಿಗೆ ಬರುವ ಮಿಡತೆಯೂ ಆಗದು. ವರ್ಷಕ್ಕೊಮ್ಮೆ ಹೊಸದು ಹುಡುಕುವುದೇ ಪೈಲಟ್‌ಗಳಿಗೆ ದೊಡ್ಡ ತಲೆನೋವಾಗಿತ್ತು. ಗುರುಪ್ರಸನ್ನರು ಕಾಡುಮಾವಿನ ಜೀವಕೋಶಗಳನ್ನು ಹದಮಾಡಿ, ಮರವನ್ನು ಪ್ರೊಪೆಲರಿನ ಅಚ್ಚಿನೊಳಗೇ ಬೆಳೆಸಿದರು. ಅಚ್ಚಿನಿಂದ ತೆಗೆದ ಮೇಲೂ ಅದು ಸಾಯುತ್ತಿರಲಿಲ್ಲ. ವಾರಕ್ಕೊಮ್ಮೆ ನಡುವಿನ ತೂತಿಗೆ ಒಂದು ಚಮಚ ಪೋಷಕರಸ ಬಿಟ್ಟರೆ ಸಾಕು, ತನ್ನ ಗಾಯ ತಾನೇ ಮಾಯಿಸಿಕೊಂಡು ಬಿದ್ದಿರುತ್ತಿತ್ತು.

"ಆರಿಸಿಕೊಳ್ಳಿ," ಎಂದು ಡಾಕ್ಟರು ಗೋಡೆಯತ್ತ ಕೈ ತೋರಿಸಿದರು.

ಗೋಡೆಯ ತುಂಬ ಪ್ರೊಪೆಲರುಗಳು ಸೀರೆ ಅಂಗಡಿಯಲ್ಲಿ ತೂಗುಹಾಕಿದ ಹಾಗೆ ತೂಗುತ್ತಿದ್ದವು. ಚಿಕ್ಕತಾಯಮ್ಮ ಒಂದೊಂದನ್ನೇ ಸವರಿ ನೋಡಿದಳು. ನಡುವೆ ಒಂದು ಉದ್ದನೆಯದು, ಮದುವೆ ಗಂಡಿನ ಹಾಗೆ ಮಿರಮಿರ ಮಿಂಚುತ್ತಿತ್ತು.

"ಅದು ಓಟದ್ದು," ಎಂದರು ಡಾಕ್ಟರು. "ಪ್ರೊಪೆಲರ್ ಅಂದ್ರೆ ಗಾಳಿಯೊಳಗೆ ಕೊರೆದುಕೊಂಡು ಹೋಗೋ ಸ್ಕ್ರೂ ಅಂದ್ಕೊಳ್ಳಿ. ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತೋ ಅದು ಅದರ ಹೆಜ್ಜೆ. ಇದರದು ದೊಡ್ಡ ಹೆಜ್ಜೆ. ಮೇಲೇರಿದ ಮೇಲೆ ಬಾಣದ ಹಾಗೆ ಹೋಗುತ್ತೆ."

"ಮೇಲೇರಬೇಕಲ್ಲ ಸಾ ಮೊದಲು. ನಮ್ಮ ಕೊಂಬಿನಗುಡ್ಡದ ಓಡುದಾರಿ ನೋಡಿದೀರಾ? ಒಂದ್ ಕಡೆ ಬಂಡೆ, ಇನ್ನೊಂದ್ ಕಡೆ ಪ್ರಪಾತ. ದಾರಿ ಮುಗಿಯೋದ್ರೊಳಗೆ ಏಳಲಿಲ್ಲ ಅಂದ್ರೆ ಆಮೇಲೆ ಅದನ್ನ ಹಾರೋದು ಅನ್ನಲ್ಲ, ಬೀಳೋದು ಅಂತಾರೆ."

"ಹಾಗಾದ್ರೆ ಚಿಕ್ಕ ಹೆಜ್ಜೆಯದು ಬೇಕು, ಏರುವಂಥದ್ದು. ಮೆಟ್ಟಿಲು ಹತ್ತುವಾಗ ಪುಟ್ಟ ಪುಟ್ಟ ಹೆಜ್ಜೆ ಇಡ್ತೀವಲ್ಲ, ಹಾಗೆ." ಡಾಕ್ಟರು ಮೂಲೆಗೆ ಹೋಗಿ ಹಳೇ ಚೀಲದ ಹಿಂದಿನಿಂದ ಒಂದನ್ನು ತೆಗೆದರು. ಮುಖದಲ್ಲಿ ಸಂಕೋಚವಿತ್ತು. "ಉಳಿದಿರೋದು ಇದೊಂದೇ. ಹೆಜ್ಜೆ ಸರಿಯಾಗಿದೆ. ಉದ್ದ ಮಾತ್ರ ನಾಲ್ಕು ಬೆರಳು ಕಡಿಮೆ. ಅಚ್ಚಿನಲ್ಲಿ ಬೆಳೆಯೋದನ್ನ ಯಾಕೋ ಬೇಗ ನಿಲ್ಲಿಸಿಬಿಡ್ತು."

"ಮುಂದಕ್ಕೆ ಬೆಳೆಯುತ್ತಾ?"

"ಇಲ್ಲ ತಾಯಿ. ಬೆಳೆಯೋಕೆ ಎಲೆ ಬೇಕು, ಬಿಸಿಲು ತಿನ್ನಬೇಕು. ಇದು ನಾವು ಹಾಕಿದಷ್ಟು ಕುಡಿದುಕೊಂಡಿರುತ್ತೆ, ಅಷ್ಟೇ."

ಇನ್ನೊಂದು ಬರುವುದಕ್ಕೆ ಬೇಸಿಗೆ ಆಗಬೇಕಿತ್ತು. ವಿಮಾನ ಪರೀಕ್ಷಿಸಲು ಇಲಾಖೆಯ ಪರೀಕ್ಷಾಧಿಕಾರಿ ಬರುವುದು ಅದಕ್ಕೂ ಮೊದಲೇ, ಅವರೆಕಾಯಿ ಕಾಲಕ್ಕೆ. ಅವಳ ಹಳೆಯ ಪ್ರೊಪೆಲರು ಉದ್ದುದ್ದಕ್ಕೆ ಸೀಳುಬಿಟ್ಟಿತ್ತು. ಬೇರೆ ದಾರಿಯಿಲ್ಲದೆ ಗಿಡ್ಡದನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

ಕೊಂಬಿನಗುಡ್ಡಕ್ಕೆ ಇದ್ದ ಜೀಪಿನ ರಸ್ತೆ ಎಂದೋ ಕುಸಿದು ಕಣಿವೆ ಸೇರಿತ್ತು. ದಿನ ತುಂಬಿದ ಹೆಂಗಸರನ್ನು ಕೆಳಗಿನ ಆಸ್ಪತ್ರೆಗೆ ಮುಟ್ಟಿಸುತ್ತಿದ್ದುದು ಚಿಕ್ಕತಾಯಮ್ಮನ ವಿಮಾನವೇ. ಅದು ಬರುವ ಮೊದಲು ಅವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಇಳಿಸುತ್ತಿದ್ದರು. ಹಾಗೆ ಇಳಿದವರಲ್ಲಿ ಎಷ್ಟೋ ಜನ ತಿರುಗಿ ಹತ್ತಿ ಬರಲಿಲ್ಲ. ಈಗ ಹೊಸ ನಿಯಮವೊಂದು ಬಂದಿತ್ತು. ಒಬ್ಬ ಮನುಷ್ಯನ ತೂಕ ಹೊತ್ತು, ಓಡುದಾರಿ ಮುಗಿಯುವ ಮೊದಲೇ ವಿಮಾನ ಏಳಬೇಕು. ಏಳದಿದ್ದರೆ ಓಡುದಾರಿಗೆ ಬೀಗ. ಮತ್ತೆ ಕಂಬಳಿಯೇ ಗತಿ.

ಗಿಡ್ಡ ಪ್ರೊಪೆಲರನ್ನು ಜೋಡಿಸಿ ಚಿಕ್ಕತಾಯಮ್ಮ ಒಬ್ಬಳೇ ಹಾರಿದಾಗ ವಿಮಾನ ಹೇಗೋ ಎದ್ದಿತು. ಹಿಂದಿನ ಸೀಟಿಗೆ ರಾಗಿಮೂಟೆ ಕಟ್ಟಿದಾಗ ಎಂಜಿನ್ನು ಅರಚಿತೇ ಹೊರತು ಚಕ್ರ ನೆಲ ಬಿಡಲಿಲ್ಲ. ಪ್ರಪಾತಕ್ಕೆ ಇನ್ನೇನು ಮಾರುದೂರ ಎನ್ನುವಾಗ ಬ್ರೇಕು ತುಳಿದು ನಿಲ್ಲಿಸಿದಳು. ಅವಳ ಅತ್ತೆ ಪುಟ್ಟಮಾದಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದರು.

"ಏನವ್ವ, ಗಂಟ್ಲು ನೋಡುದ್ರೆ ಊರಗಲ, ಕೆಲ್ಸ ನೋಡುದ್ರೆ ಸೊನ್ನೆ. ನಿನ್ ಗಂಡನ್ ಹಂಗೇ ಅದೆ ಈ ಪಂಕ," ಎಂದರು.

"ಅತ್ತೆ, ಸುಮ್ನಿರಿ."

"ಸುಮ್ನೇ ಇವ್ನಿ. ಬರೋ ಆಯುಧಪೂಜೇಲಾದ್ರೂ ಅದುಕ್ಕೆ ಸರ್ಯಾಗ್ ಪೂಜೆ ಮಾಡ್ಮ. ದೇವ್ರು ಕಣ್ ಬುಟ್ರೆ ಎದ್ದೀತು."

ಪುಟ್ಟಮಾದಮ್ಮ ಹೇಳಿದಂತೆ ಮಾಡಿದರು. ಮಾಡಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಪ್ರೊಪೆಲರಿನ ಮೇಲಿದ್ದ ವಾರ್ನಿಷು ಅವರ ಕಣ್ಣಿಗೆ ಅಡುಗೆಮನೆಯ ಜಿಡ್ಡಿನ ಹಾಗೆ ಕಂಡಿತು. ನಡುಭಾಗದ ಎರಡೂ ಕಡೆ ತೆಂಗಿನ ನಾರು, ಸೀಗೇಪುಡಿ ಹಾಕಿ, ಮರ ತರಚುವಷ್ಟು ತಿಕ್ಕಿದರು. ಅದಕ್ಕೆ ಅರಿಸಿನ ಮೆತ್ತಿದರು. ಹಿತ್ತಲಿನ ಮಾವಿನಿಂದ ಎರಡು ಎಳೇ ಕುಡಿ ತಂದು, ನಿಲ್ಲಲಿಲ್ಲವೆಂದು ಅವುಗಳ ತುದಿಯನ್ನು ಈಳಿಗೆಮಣೆಯಲ್ಲಿ ಚೂಪು ಮಾಡಿ, ತರಚಿದ ಜಾಗಕ್ಕೆ ಸಿಕ್ಕಿಸಿ, ಅರಿಸಿನದ ದಾರದಲ್ಲಿ ಬಿಗಿದು ಸುತ್ತಿದರು. ಆ ಕಡೆ ಒಂದು, ಈ ಕಡೆ ಒಂದು. ಕುಂಕುಮವಿಟ್ಟರು, ಚಕ್ರದಿಂದ ನಿಂಬೆಹಣ್ಣು ತುಳಿಸಿದರು.

ಪೂಜೆಗೆ ಕಟ್ಟಿದ್ದನ್ನು ತಾನಾಗಿ ಒಣಗುವ ತನಕ ಕೀಳುವಂತಿಲ್ಲ ಎಂದು ಅತ್ತೆಯ ಕಟ್ಟಪ್ಪಣೆಯಾಯಿತು. ಚಿಕ್ಕತಾಯಮ್ಮನೂ ಸರಿ ಎಂದಳು. ಕುಡಿ ಇದ್ದದ್ದು ನಡುವಿನಲ್ಲಿ, ಬೀಸುವ ಕಲ್ಲಿನ ನಡುಗೂಟದ ಬಳಿಯಂತೆ ಅಲ್ಲಿ ಸುತ್ತುವ ರಭಸ ಕಡಿಮೆ. ಹೇಗೂ ವಾರದಲ್ಲಿ ಉದುರುತ್ತದೆ ಎಂದುಕೊಂಡಳು.

ಕುಡಿ ಉದುರಲಿಲ್ಲ. ದೀಪಾವಳಿ ಬಂತು, ಹೋಯಿತು. ಒಂದು ಬೆಳಿಗ್ಗೆ ವಿಮಾನ ಒರೆಸುತ್ತಿದ್ದಾಗ ದಾರದ ಪಕ್ಕದಲ್ಲಿ ತಾಮ್ರದ ಬಣ್ಣದ ಮೃದುವಾದ ಎಲೆಗಳು ಕಂಡವು. ಅವಳು ಫೋನಿನಲ್ಲಿ ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಮುಖವನ್ನು ಪರದೆಯ ಹತ್ತಿರಕ್ಕೆ ತಂದು ನೋಡಿದರು.

"ಚಿಕ್ಕತಾಯಮ್ಮ, ಅದಕ್ಕೆ ಕಸಿ ಕಟ್ಟಿದ್ದು ಯಾರು?"

"ಕಸಿ ಅಲ್ಲ ಸಾ, ಪೂಜೆ."

"ಗಾಯ ಮಾಡಿ, ಕುಡಿ ಸಿಕ್ಕಿಸಿ, ದಾರ ಬಿಗಿದರೆ ಅದಕ್ಕೆ ಕಸಿ ಅಂತಲೇ ಹೆಸರು! ಕಾಡುಮಾವಿಗೆ ಊರಮಾವು ಕೂಡಿಕೊಂಡುಬಿಟ್ಟಿದೆ." ಡಾಕ್ಟರು ತಲೆ ಹಿಡಿದುಕೊಂಡರು. "ಮಳೆ, ಕಲ್ಲು, ಮಿಡತೆ, ಎಲ್ಲ ಲೆಕ್ಕ ಹಾಕಿದ್ದೆ. ನಮ್ಮ ಜನ ಪೂಜೆ ಮಾಡ್ತಾರೆ ಅನ್ನೋದೊಂದು ತಲೆಗೇ ಬರಲಿಲ್ಲ ನೋಡಿ. ನನ್ನ ಸ್ಕೂಟರಿಗೆ ನಾನೇ ಕುಂಬಳಕಾಯಿ ಒಡೆದು ಬಂದಿದೀನಿ!"

"ಕಿತ್ತು ಹಾಕ್ಲಾ?"

"ಬೇಡ ಬೇಡ! ಈಗ ಕಿತ್ತರೆ ಒಂದು ಕಡೆ ತೂಕ ಹೆಚ್ಚುಕಡಿಮೆ ಆಗುತ್ತೆ. ಎಲೆ ಬಂದ ಮೇಲೆ ಅದು ಬಿಸಿಲು ತಿನ್ನುತ್ತೆ. ತಿಂದರೆ..." ಅವರ ಧ್ವನಿ ಇಳಿಯಿತು. "ಸ್ವಲ್ಪ ಅಳತೆ ನೋಡಿ."

ಚಿಕ್ಕತಾಯಮ್ಮ ಬೆರಳಿಟ್ಟು ನೋಡಿದಳು. ಪ್ರೊಪೆಲರು ಎರಡು ಬೆರಳು ಬೆಳೆದಿತ್ತು. ಎರಡೂ ತುದಿಯಲ್ಲಿ ಒಂದೊಂದು, ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ.

ಅವರೆಕಾಯಿ ಕಾಲ ಬಂತು, ಪರೀಕ್ಷಾಧಿಕಾರಿ ಸೊರಟೂರ ಅವರೂ ಬಂದರು. ಗದಗದ ಕಡೆಯವರು. ಇಲಾಖೆಯ ವಿಮಾನ ಅವರನ್ನು ಓಡುದಾರಿಯಲ್ಲಿ ಇಳಿಸಿತು. ಅದರ ಪೈಲಟ್ ಪ್ರಪಾತದತ್ತ ಒಮ್ಮೆ ನೋಡಿ, "ಸರ್, ನಿಮ್ಮನ್ನ ಕೂರಿಸ್ಕೊಂಡು ಇಲ್ಲಿಂದ ನಾನು ಏಳಲ್ಲ. ನೀವು ಆಯಮ್ಮನ ವಿಮಾನದಲ್ಲೇ ಇಳಿದುಬನ್ನಿ," ಎಂದು ಹೇಳಿ ಒಬ್ಬನೇ ಹಾರಿಹೋದ.

ಸೊರಟೂರ ಸಾಹೇಬರು ತಮ್ಮ ತೂಕಕ್ಕೆ ಸರಿಯಾಗಿ ರಾಗಿಮೂಟೆ ಕಟ್ಟಿಸಿದರು. ಚಿಕ್ಕತಾಯಮ್ಮ ಹತ್ತಿ ಕುಳಿತಳು. ಎಂಜಿನ್ನು ಈ ಸಲ ಅರಚಲಿಲ್ಲ, ಗುಡುಗಿತು. ಅರ್ಧ ಓಡುದಾರಿಗೇ ವಿಮಾನ ನೆಲ ಬಿಟ್ಟು, ಬಂಡೆಯ ನೆತ್ತಿಯ ಮೇಲೆ ಒಂದು ಸುತ್ತು ಹಾಕಿ ಇಳಿಯಿತು. ಊರಿನ ಹೆಂಗಸರೆಲ್ಲ ಕೇಕೆ ಹಾಕಿದರು.

"ಭಾಳ ಚಲೋ ಏರತದ್ರಿ," ಎಂದರು ಸೊರಟೂರರು. ಆಮೇಲೆ ಟೇಪು ತೆಗೆದು ಅಳೆದರು. ಪ್ರೊಪೆಲರಿನ ಜೊತೆ ಡಾಕ್ಟರು ಕೊಟ್ಟಿದ್ದ ಅಳತೆಯ ಕಾಗದ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದರು. "ಏನ್ರೀ ಅಕ್ಕಾರ, ಕಾಗದದಾಗ ಬರದದ್ದಕ್ಕಿಂತ ಇದು ನಾಕ್ ಬಟ್ಟು ಉದ್ದ ಐತಿ. ಮ್ಯಾಲೆ ಎಲಿ ಬ್ಯಾರೆ!"

"ಬೆಳೆದದೆ ಸಾ."

"ಪ್ರೊಪೆಲರ್ ಬೆಳಿತೈತೇನ್ರೀ? ಕಾಗದಕ್ಕ ಹೊಂದದ ಪ್ರೊಪೆಲರ್ ಇದ್ರ ಆ ವಿಮಾನ ಹಾರೂಹಂಗಿಲ್ಲ. ನಿಯಮ ಅಂದ್ರ ನಿಯಮ."

"ಈಗ್ ಹಾರಿದ್ದನ್ನ ನೀವೇ ನೋಡುದ್ರಿ!"

"ನೋಡಿದ್ದು ನನ್ನ ಕಣ್ಣು, ಇಲಾಖಿಗೆ ಕಣ್ಣಿಲ್ಲ." ಹೀಗೆಂದು ಅವರು ವಿಮಾನದ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿಯೇಬಿಟ್ಟರು.

ನೆರೆದ ಹೆಂಗಸರಲ್ಲಿ ದಿನ ತುಂಬಿದ ಹೊಟ್ಟೆ ಮುಂದೆ ಮಾಡಿ ನಿಂತಿದ್ದ ಸಿದ್ದಾಜಿಯ ಕಡೆ ನೋಡಲು ಚಿಕ್ಕತಾಯಮ್ಮನಿಗೆ ಧೈರ್ಯವಾಗಲಿಲ್ಲ. ಸೊರಟೂರರು ಚೀಲ ಹೆಗಲಿಗೇರಿಸಿ, ವಿಮಾನದ ಬಳಿ ಹೋಗಿ, ತಾವೇ ಅಂಟಿಸಿದ ಚೀಟಿಯನ್ನು ಓದಿದರು.

"ಮತ್ತ ನಾ ಕೆಳಗ ಹೆಂಗ ಹೋಗ್ಲಿ?"

ಪುಟ್ಟಮಾದಮ್ಮನಿಗೆ ಇದು ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು. "ಕಂಬ್ಳಿ ಅದೆ ಬುದ್ದಿ. ನಾಕ್ ಜನ ಹೊತ್ಕತರೆ. ಆಯ ತಪ್ಪುದ್ರೆ ಮಾತ್ರ ಕಾಲ್ ಮೊದ್ಲು ಹೋದದೋ ತಲೆ ಮೊದ್ಲು ಹೋದದೋ ನಾ ಕಾಣೆ. ನಮ್ ಹೆಣ್ಮಕ್ಳು ಹೊಟ್ಟೇಲಿ ಕೂಸ್ ಮಡೀಕಂಡು ಹಂಗೇ ಇಳೀತಿದ್ದದ್ದು."

ಸೊರಟೂರರು ಓಡುದಾರಿಯ ಅಂಚಿಗೆ ಹೋಗಿ ಕೆಳಗೆ ಇಣುಕಿದರು. ಹಿಂತಿರುಗಿ ಬಂದು ಕಲ್ಲಿನ ಮೇಲೆ ಕುಳಿತರು. ಯಾರೋ ಕೊಟ್ಟ ಮಜ್ಜಿಗೆ ಕುಡಿದು, "ಹಿಂಗ ಎಷ್ಟ್ ಮಂದೀನ ಹೊತ್ತೊಯ್ದೀರಿ?" ಎಂದು ಮೆಲ್ಲಗೆ ಕೇಳಿದರು. ಹೆಂಗಸರು ಒಬ್ಬೊಬ್ಬರೇ ಹೆಸರು ಹೇಳತೊಡಗಿದರು. ಅರ್ಧಕ್ಕೇ ಸಾಕು ಎಂಬಂತೆ ಅವರು ಕೈಯೆತ್ತಿದರು.

"ಆ ಡಾಕ್ಟರ್‌ಗ ಫೋನ್ ಹಚ್ರಿ."

ಗುರುಪ್ರಸನ್ನರು ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ಎಲೆಯಿರುವ ತನಕ ಪ್ರೊಪೆಲರು ಬೆಳೆಯುತ್ತಲೇ ಇರುತ್ತದೆ. ಹೆಚ್ಚು ಬೆಳೆದರೆ ನೆಲಕ್ಕೆ ತಾಗುತ್ತದೆ. ಆದ್ದರಿಂದ ಮಗುವಿನ ಉಗುರು ತೆಗೆಯುವ ಹಾಗೆ ಆಗಾಗ ಎರಡೂ ತುದಿಯನ್ನು ಸಮನಾಗಿ ಸವರಬೇಕು. ಕತ್ತರಿಸಿದ ಗಾಯ ಅದೇ ಮಾಯಿಸಿಕೊಳ್ಳುತ್ತದೆ.

"ಅಂದ್ರ ಇದರ ಉದ್ದ ಇಷ್ಟ ಅಂತ ಯಾವತ್ತೂ ಹೇಳಾಕ ಬರೂದಿಲ್ಲ?"

"ನಿಮ್ಮ ಮಗನ ಎತ್ತರ ಇಷ್ಟೇ ಅಂತ ಹುಟ್ಟಿದ ದಿನ ಬರೆದುಕೊಟ್ಟಿದ್ದಿರಾ ಸಾರ್?" ಎಂದರು ಡಾಕ್ಟರು.

ಸೊರಟೂರರು ನಕ್ಕುಬಿಟ್ಟರು. ಕೆಂಪು ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತರು. ಹೊಸ ಕಾಗದ ತೆಗೆದು, ಉದ್ದ ಬರೆಯುವ ಜಾಗದಲ್ಲಿ 'ಬೆಳೆಯುವ ವಯಸ್ಸು, ತಿಂಗಳಿಗೊಮ್ಮೆ ಅಳೆಯತಕ್ಕದ್ದು' ಎಂದು ಬರೆದು, 'ಹಾರಾಟಕ್ಕೆ ಯೋಗ್ಯ' ಎಂದು ಸಹಿ ಹಾಕಿ ಚಿಕ್ಕತಾಯಮ್ಮನ ಕೈಗಿತ್ತರು.

"ನಡೀರಿ ಅಕ್ಕಾರ, ಬೆಳಕಿರೂತನಾ ಇಳಿಯೂಣು." ಹೀಗೆಂದು ಒಂದು ಕಾಲನ್ನು ವಿಮಾನದ ಮೆಟ್ಟಿಲ ಮೇಲಿಟ್ಟರು.

ಆಗ ಹಿಂದಿನಿಂದ ಸಿದ್ದಾಜಿ, "ಅಕ್ಕಾ..." ಎಂದಳು. ಅವಳು ಎರಡೂ ಕೈಯಲ್ಲಿ ಬೇಲಿಯ ಗೂಟ ಹಿಡಿದಿದ್ದಳು. ಅವಳ ಕಾಲ ಕೆಳಗಿನ ಮಣ್ಣು ಒದ್ದೆಯಾಗಿತ್ತು.

ವಿಮಾನಕ್ಕೆ ಇದ್ದದ್ದು ಎರಡೇ ಸೀಟು. ಒಂದು ಚಿಕ್ಕತಾಯಮ್ಮನದು.

ಸೊರಟೂರರು ಕಾಲು ಕೆಳಗಿಟ್ಟರು. ರಾಗಿಮೂಟೆಯ ಹಗ್ಗ ಬಿಚ್ಚಲು ತಾವೂ ಕೈಹಾಕಿದರು. ಸಿದ್ದಾಜಿಯನ್ನು ಹತ್ತಿಸುವಾಗ ಅವಳ ಕಾಲಿಗೆ ತಮ್ಮ ಅಂಗೈಯನ್ನೇ ಮೆಟ್ಟಿಲಾಗಿ ಕೊಟ್ಟರು. ಚಿಕ್ಕತಾಯಮ್ಮ ಪಟ್ಟಿ ಬಿಗಿದು ಎಂಜಿನ್ನು ಎಬ್ಬಿಸಿದಳು. ಎಲೆಗಳು ಸುತ್ತುತ್ತ ಹಸಿರು ಬಳೆಯಂತೆ ಕಂಡವು.

ಮುಂದೆ ಪ್ರಪಾತ ಕಂಡದ್ದೇ ಸಿದ್ದಾಜಿ ಕಿರುಚಿದಳು. "ಏಳ್ತದಾ ಅಕ್ಕಾ ಇದು? ಏಳ್ತದಾ?"

ಚಿಕ್ಕತಾಯಮ್ಮ ಉತ್ತರಿಸುವ ಮೊದಲೇ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಟೇಪು ಹಿಡಿದು ವಿಮಾನದ ಪಕ್ಕದಲ್ಲೇ ಏದುಸಿರು ಬಿಡುತ್ತ ಓಡುತ್ತಿದ್ದ ಸೊರಟೂರರು ಗಂಟಲು ಹರಿಯುವಂತೆ ಕೂಗಿದರು:

"ಏಳತೈತವಾ ತಂಗಿ! ನಾನ ಬರದ ಕೊಟ್ಟೇನಿ!"

ಎದ್ದಿತು. ಅರ್ಧ ದಾರಿಗೇ ಎದ್ದಿತು. ಅದು ಕಣಿವೆಯ ಮೇಲೆ ಚುಕ್ಕೆಯಾಗುವ ತನಕ ಸಾಹೇಬರು ಅಲ್ಲೇ ನಿಂತಿದ್ದರು. ಪುಟ್ಟಮಾದಮ್ಮ ಬಂದು ಅವರ ಮುಂದೆ ಒಂದು ಮೊರ ಹಿಡಿದರು.

"ತಾಯಮ್ಮ ಬರೋದು ಇನ್ ನಾಳಿಕ್ಕೇ ಬುದ್ದಿ. ಕುಂತ್ಕಳಿ, ಅವರೆಕಾಯಿ ಸುಲೀರಿ."