ಬಜ್ಜಿಯ ಹೊಟ್ಟೆ, ಅಜ್ಜಿಯ ಹಾಲನ್ನ

“ಲಿಖಿತಾ! ನಿನ್ನ ಬಜ್ಜಿ ಮತ್ತೆ ಮ್ಯಾಟ್ ಮೇಲೇ ಮಾಡಿದೆ ನೋಡು!”

ಸೋಮವಾರ ಬೆಳಗ್ಗೆ ಅಮ್ಮ ಕೂಗಿದ್ದು ಆಲ್ಕೊಳದ ಅರ್ಧ ಬೀದಿಗಾದರೂ ಕೇಳಿಸಿರಬೇಕು. ಬಜ್ಜಿ ಎಂದರೆ ತಿನ್ನುವ ಬಜ್ಜಿಯಲ್ಲ, ಲಿಖಿತಾಳ ಕಂದು ಬೆಕ್ಕು. ಸೋಫಾದ ಕೆಳಗೆ ಮುದುಡಿ ಕೂತಿದ್ದ ಅದಕ್ಕೆ ಮಿಯಾಂವ್ ಅನ್ನುವಷ್ಟೂ ತ್ರಾಣವಿರಲಿಲ್ಲ.

ಒಂದು ತಿಂಗಳಿಂದ ಇದೇ ಪಾಡು. ಔಷಧಿ ಕೊಟ್ಟರೆ ಭೇದಿ ನಿಲ್ಲುತ್ತದೆ, ನಾಲ್ಕು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಶುರು.

ಅಂದು ಸಂಜೆ ಡಾಕ್ಟರ್ ಭವಾನಿ ಬಜ್ಜಿಯ ತೂಕ ನೋಡಿ ಹುಬ್ಬು ಗಂಟಿಕ್ಕಿದರು.

“ಮೂರು ಕೆಜಿ ಇದ್ದಿದ್ದು ಎರಡೂವರೆಗೆ ಇಳಿದಿದೆ. ಹೀಗೇ ಆದ್ರೆ ಇದು ಉಳಿಯೋದು ಕಷ್ಟ. ಹಾಲು ಕೊಡ್ತಿದೀರಾ?”

“ಇಲ್ಲ ಡಾಕ್ಟರ್, ನೀವು ಬೇಡ ಅಂದ್ಮೇಲೆ ಒಂದು ಹನೀನೂ ಕೊಟ್ಟಿಲ್ಲ” ಎಂದಳು ಲಿಖಿತಾ.

“ಹಾಗಾದ್ರೆ ಬೇರೆ ಯಾರಾದ್ರೂ ಕೊಡ್ತಿರಬೇಕು. ಇದರ ಹೊಟ್ಟೆಗೆ ಹಾಲು ಆಗಲ್ಲ ಪುಟ್ಟಿ. ಬರೀ ಬೇಯಿಸಿದ ಚಿಕನ್ ಕೊಡಿ, ಉಪ್ಪು ಖಾರ ಏನೂ ಬೇಡ.”

ಲಿಖಿತಾ ಲೆಕ್ಕ ಹಾಕಿದಳು. ಕೆಡುವುದು ಯಾವಾಗಲೂ ಸೋಮವಾರವೇ. ಶನಿವಾರ, ಭಾನುವಾರ ಅಮ್ಮನೂ ತಾನೂ ಇರುವುದು ಭದ್ರಾವತಿಯ ಅಜ್ಜಿ ಮನೆಯಲ್ಲಿ. ಬುಟ್ಟಿಯಲ್ಲಿ ಬಜ್ಜಿಯೂ ಜೊತೆಗೆ.

ಆ ಶನಿವಾರ ಮಧ್ಯಾಹ್ನ ಅವಳು ಅಡುಗೆಮನೆಯ ಬಾಗಿಲ ಹಿಂದೆ ಅಡಗಿ ನಿಂತಳು. ಯಲ್ಲಮ್ಮಜ್ಜಿ ತಟ್ಟೆ ಹಿಡಿದು ಕೂತಳು. ಹಲ್ಲಿಲ್ಲದ ಅಜ್ಜಿಗೆ ದಿನವೂ ಹಾಲನ್ನವೇ. ಎದುರಿಗೆ ಬಜ್ಜಿ ಬಾಲ ಸುತ್ತಿಕೊಂಡು ಕೂತಿತು. ಅಜ್ಜಿ ಆ ಕಡೆ ಈ ಕಡೆ ನೋಡಿ, ಒಂದು ಹಿಡಿ ಹಾಲನ್ನವನ್ನು ಅದರ ಮುಂದಿಟ್ಟಳು.

“ಅಜ್ಜೀ!” ಲಿಖಿತಾ ಹಾರಿ ಬಂದು ಅನ್ನವನ್ನು ಬಾಚಿಕೊಂಡಳು. “ನೀನೇನಾ? ಅಮ್ಮ ಫೋನಲ್ಲಿ ಹೇಳಿರ್ಲಿಲ್ವಾ? ನಿನ್ನಿಂದ್ಲೇ ಬಜ್ಜಿ ಸಾಯ್ತಾ ಇದೆ!”

ಅಜ್ಜಿಯ ಮುಖ ಸಣ್ಣಗಾಯಿತು.

“ಒಂದು ತುತ್ತಿಗೆ ಏನಾಗುತ್ತೆ ಅಂದ್ಕೊಂಡೆ ಮಗಾ. ಅದು ಎದುರಿಗೆ ಕೂತು ಬಾಯಿ ನೋಡ್ತಿದ್ರೆ, ಬಿಟ್ಟು ತಿನ್ನೋದು ಹೆಂಗೆ? ಗಂಟಲಲ್ಲಿ ಇಳಿಯಲ್ಲ ಮಾರಾಯ್ತಿ.”

“ಅದೆಲ್ಲ ಗೊತ್ತಿಲ್ಲ. ಇನ್ಮೇಲೆ ಕೊಡಬೇಡ, ಅಷ್ಟೇ!”

ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಅಜ್ಜಿ ಇರಲಿಲ್ಲ. ಹಿತ್ತಿಲಿನಲ್ಲಿ ಬಜ್ಜಿ ಸೌದೆ ಕೋಣೆಯ ಬಾಗಿಲು ಕೆರೆಯುತ್ತಿತ್ತು. ಲಿಖಿತಾ ಸಂದಿನಲ್ಲಿ ಇಣುಕಿದಳು.

ಸೌದೆ ರಾಶಿಯ ಪಕ್ಕದಲ್ಲಿ ಅಜ್ಜಿ ನಿಂತುಕೊಂಡೇ ಗಬಗಬನೆ ಹಾಲನ್ನ ನುಂಗುತ್ತಿದ್ದಳು. ಬಜ್ಜಿ ಕೂಗಿದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಕೊನೆಗೆ ಅರ್ಧ ಊಟಕ್ಕೇ ತಟ್ಟೆ ಮುಚ್ಚಿಬಿಟ್ಟಳು.

ಲಿಖಿತಾಳಿಗೆ ನಿನ್ನೆ ತಾನು ಕಿರುಚಿದ್ದು ನೆನೆದು ತುಂಬಾ ನಾಚಿಕೆಯಾಯಿತು. ಒಳಗೆ ಓಡಿ, ಅಮ್ಮ ಬಜ್ಜಿಗೆಂದು ಬೇಯಿಸಿಟ್ಟಿದ್ದ ಚಿಕನ್ ಡಬ್ಬಿ ತಂದಳು.

“ಅಜ್ಜಿ, ಬಾಗಿಲು ತೆಗಿ. ಒಳಗೆ ಕೂತ್ಕೊಂಡು ಉಣ್ಣು ಬಾ.”

“ಮೊದ್ಲು ಅದನ್ನ ಆಚೆ ಕರ್ಕೊಂಡು ಹೋಗೇ. ನನ್ ಕೈ ತಡೆಯಲ್ಲ.”

“ತಡೀಬೇಡ. ತಗೋ, ಇದನ್ನ ನೀನೇ ಹಾಕು. ಇದು ಅದಕ್ಕೆ ಆಗುತ್ತೆ.”

ಅಡುಗೆಮನೆಯಲ್ಲಿ ಕೂತು ಅಜ್ಜಿ ಚಿಕನ್ ಅನ್ನು ಎಳೆ ಎಳೆಯಾಗಿ ಬಿಡಿಸಿ ಹಾಕಿದಳು. ಬಜ್ಜಿ ಗುರುಗುಡುತ್ತಾ ತಿಂದಿತು. ಆಮೇಲೆ ಅಜ್ಜಿ ತನ್ನ ತಟ್ಟೆ ಎಳೆದುಕೊಂಡಳು. ಲಿಖಿತಾ ಆ ತಟ್ಟೆಗೆ ಇನ್ನೊಂದಿಷ್ಟು ಹಾಲು ಸುರಿದು, ಅಜ್ಜಿ ಉಂಡು ಏಳುವವರೆಗೂ ಪಕ್ಕದಲ್ಲೇ ಕೂತಳು.

ಹದಿನೈದು ದಿನದ ಮೇಲೆ ಡಾಕ್ಟರ್ ಮತ್ತೆ ತೂಕ ಮಾಡಿ ನಕ್ಕರು. ಲಿಖಿತಾ ಅಲ್ಲಿಂದಲೇ ಅಮ್ಮನ ಫೋನಿನಲ್ಲಿ ಭದ್ರಾವತಿಗೆ ಕಾಲ್ ಮಾಡಿದಳು.

“ಅಜ್ಜಿ, ಬಜ್ಜಿ ಇನ್ನೂರು ಗ್ರಾಂ ಜಾಸ್ತಿಯಾಗಿದೆ! ಎಲ್ಲ ನಿನ್ನ ಕೈಗುಣ!”

ಲಿಖಿತಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಶನಿವಾರ ಬೇಗ ಕರ್ಕೊಂಡು ಬಾ ಮಗಾ” ಎಂದಳು ಅಜ್ಜಿ. “ಕೋಳಿ ನಾನೇ ಬೇಯಿಸಿಡ್ತೀನಿ. ಉಪ್ಪು ಹಾಕಲ್ಲ ಕಣೇ, ಹೆದರಬೇಡ.”